ವೀರಗಲ್ಲಿಗೆ ಒಬ್ಬ ಗಂಡ

ತಳವಾರ ಹೆಣವನ್ನು ಬೋರಲು ಮಾಡಿದ. ಇರಿತ ಬೆನ್ನಿಗೆ ಬಿದ್ದಿತ್ತು.

"ಅಂಗಾತ ಮಲಗಿಸಯ್ಯ," ಎಂದ ದಳವಾಯಿ. "ಶತ್ರು ಕೋಟೆ ಮುತ್ತಿರುವಾಗ ರಾಜಧಾನಿಯಲ್ಲಿ ಕೊಲೆ ನಡೆಯೋದಿಲ್ಲ, ವೀರಮರಣ ಮಾತ್ರ."

"ಅಡುಗೆಮನೆಯಲ್ಲಿ ಸತ್ತಿದ್ದಾನೆ, ಬುದ್ಧಿ."

"ವೀರಗಲ್ಲಿನ ಮೇಲೆ ಅಡುಗೆಮನೆ ಕೆತ್ತೋದಿಲ್ಲ."

ತಳವಾರ ಹಗುರಾದ. ತನ್ನ ಕಾವಲಿನಲ್ಲಿ ಕೊಲೆಯಾಯಿತೆಂದರೆ ಅರಸರು ಅವನನ್ನು ನಾಳೆಯೇ ಕೋಟೆಯ ಮೇಲೆ ಕಾದಾಡಲು ಅಟ್ಟುತ್ತಿದ್ದರು.

ದಳವಾಯಿ ಸತ್ತವನ ಹೆಂಡತಿಯತ್ತ ತಿರುಗಿದ. "ಗಂಡನ ವೀರಗಲ್ಲನ್ನು ನಿನ್ನ ಬಾಗಿಲಲ್ಲೇ ನಿಲ್ಲಿಸ್ತೀವಿ, ತಾಯಿ. ಉಂಬಳಿ ಹೊಲಾನೂ ಕೊಡ್ತೀವಿ. ದಿನಾ ದೀಪ ಹಚ್ಚಿ ಕೈಮುಗಿ, ಸಾಕು."

"ಹೊಡೀಬೇಡ ಅಂತ ಇಪ್ಪತ್ತು ವರ್ಷ ಅವನಿಗೆ ಕೈಮುಗಿದೆ. ಸಾಕಾಗಿಯೇ ಇರಿದದ್ದು," ಎಂದು ಅವಳು ತಳವಾರನತ್ತ ಎರಡೂ ಕೈ ಚಾಚಿದಳು. "ಕಲ್ಲು ಬೇಡ, ಬುದ್ಧಿ. ಶೂಲಕ್ಕೇ ಏರಿಸಿ."