ತಲೆನೋವಿನ ಮಾತ್ರೆ

ಹಿಟ್ಟಿನ ಡಬ್ಬಿ ಗೋಡೆಗೆ ಬಡಿದು ಬಾಯಿ ಬಿಟ್ಟಿತು. ಅಡುಗೆಮನೆಯೆಲ್ಲ ಬೆಳ್ಳಗಾಯಿತು.

“ಎಲ್ಲಿ ಬಚ್ಚಿಟ್ಟಿದ್ದೀಯೇ? ಬೊಗಳು!”

ವೆಲ್ಡರನ ಕೈಯಲ್ಲಿ ಕಬ್ಬಿಣದ ಸರಳಿತ್ತು. ತಲೆಯ ಎಡಭಾಗ ಸಿಡಿಯುತ್ತಿತ್ತು. ಕಣ್ಣು ಮುಚ್ಚಿದರೂ ಬೆಸುಗೆಯ ಕಿಡಿ ಹಾರುತ್ತಿತ್ತು. ಅರೆತಲೆನೋವು ಬಂದರೆ ಅವನು ಮನುಷ್ಯನಾಗಿರುತ್ತಿರಲಿಲ್ಲ; ಬಾರದ ದಿನವೂ ಅಂಥ ದೊಡ್ಡ ಮನುಷ್ಯನೇನಲ್ಲ, ಆ ಮಾತು ಬೇರೆ. ಕಳೆದ ವರ್ಷ ವರ್ಕ್‌ಶಾಪಿನಲ್ಲಿ ಕುಸಿದು ಬಿದ್ದಾಗ, ‘ಹೃದಯ’ ಎಂದು ಬಾಯಿ ತೆರೆದ ಡಾಕ್ಟರ ಕಪಾಳಕ್ಕೆ ಬಾರಿಸಿ ಎದ್ದು ಬಂದವನು ಅವನು. ತನ್ನದು ಕಬ್ಬಿಣದ ಎದೆ. ಅಂದಿನಿಂದ ಅವನೆದುರು ಯಾರೂ ಆ ಮಾತೆತ್ತಿರಲಿಲ್ಲ.

ತಲೆನೋವಿಗೆ ಒಂದು ಮಾತ್ರೆ ನುಂಗಿದರೆ ಎಲ್ಲ ಶಾಂತ. ಆದರೆ ಒಂದು ವರ್ಷದಿಂದ ಅವನು ತಂದಿಟ್ಟ ಮಾತ್ರೆಗಳೆಲ್ಲ ಮಾಯವಾಗುತ್ತಿದ್ದವು. ಔಷಧಿ ಅಂಗಡಿಯವನೂ ಈಗ ಕೊಡುವುದಿಲ್ಲ. “ಮನೆಯವರನ್ನ ಕೇಳಿ,” ಎಂದು ಮುಖ ತಿರುಗಿಸುತ್ತಾನೆ.

ಮನೆಯವಳು ಆ ಅಂಗಡಿಯವನ ಜೊತೆ ಪಿಸುಗುಟ್ಟುವುದನ್ನು ಅವನು ಕಂಡಿದ್ದ. ನಿನ್ನೆ ಇನ್ನೊಂದನ್ನೂ ಕಂಡ: ಅವನ ಚಹಾಕ್ಕೆ ಅವಳು ಏನೋ ಬಿಳಿ ಪುಡಿ ಹಾಕಿ ಕಲಕುತ್ತಿದ್ದಳು. ಇಬ್ಬರೂ ಸೇರಿ ತನ್ನನ್ನು ಮುಗಿಸಲು ಹೊರಟಿದ್ದಾರೆ. ಇನ್ನೇನು ಸಾಕ್ಷಿ ಬೇಕು?

ಅದಕ್ಕೇ ನಿನ್ನೆ ಅವಳ ಬಲಗೈ ಮುರಿದದ್ದು. ಬಿಡಿಸಲು ಅಡ್ಡ ಬಂದ ಮಗಳ ಕಿವಿಗೂ ಏಟು ಬಿತ್ತು, ರಕ್ತ ಬಂತು. ಬೆಳಿಗ್ಗೆ ಹೆಂಡತಿ ಆಸ್ಪತ್ರೆಯಲ್ಲಿ ತನ್ನ ಕೈಗೆ ಪಟ್ಟಿ ಹಾಕಿಸಿ, ಮಗುವಿನ ಕಿವಿ ತೋರಿಸಿ, ಅವಳನ್ನು ಅಜ್ಜಿಮನೆಗೆ ಬಿಟ್ಟು ಒಬ್ಬಳೇ ವಾಪಸು ಬಂದಿದ್ದಳು. ತವರಲ್ಲೇ ಉಳಿಯಬಹುದಿತ್ತು. ಉಳಿಯಲಿಲ್ಲ.

“ಹೇಳ್ತೀಯೋ, ಇಲ್ಲ ಇನ್ನೊಂದು ಕೈನೂ ಮುರೀಲೋ?”

ಅವಳ ಕಣ್ಣು ಗೋಡೆಯ ಕನ್ನಡಿಯತ್ತ ಹೊರಳಿತು. ಕನ್ನಡಿಯ ಕೆಳಗೆ, ಅವನ ಬಾಚಣಿಗೆಯ ಪಕ್ಕದಲ್ಲೇ, ಮಾತ್ರೆಯ ಹಾಳೆ ಬಿದ್ದಿತ್ತು.

ಅವನು ನಕ್ಕ. “ನೋಡಿದ್ಯಾ? ದಂಡಂ ದಶಗುಣಂ!” ಮೂರು ಮಾತ್ರೆ ಒಟ್ಟಿಗೆ ನುಂಗಿದ.

ಆಮೇಲೆ ಅವಳ ಜುಟ್ಟು ಹಿಡಿದು, ತನಗಾಗಿ ಮಾಡಿಟ್ಟಿದ್ದ ಚಹಾದ ಲೋಟವನ್ನು ಅವಳ ಬಾಯಿಗೇ ಒತ್ತಿದ. ತುಟಿ ಒಡೆಯಿತು.

“ನನಗೆ ಕಲಕಿದ್ದನ್ನ ನೀನೇ ಕುಡಿ. ಮಾಡಿದ್ದುಣ್ಣೋ ಮಹಾರಾಯ!”

ರಕ್ತ ಬೆರೆತ ಚಹಾವನ್ನು ಅವಳು ಕೊನೆಯ ಗುಟುಕಿನವರೆಗೂ ಕುಡಿದಳು. ಬಾಯಿ ಒರೆಸಿಕೊಂಡು ಕುರ್ಚಿಯಲ್ಲಿ ಕೂತಳು. ಅವಳು ಯಾವಾಗ ಉರುಳುತ್ತಾಳೋ ಎಂದು ಕಾಯುತ್ತಾ ಅವನೂ ಎದುರು ಕೂತ.

ತಲೆನೋವು ಇಳಿಯತೊಡಗಿತು. ಅಬ್ಬಾ ಎನಿಸಿತು. ಅಷ್ಟರಲ್ಲಿ ಎದೆಯನ್ನು ಯಾರೋ ಇಕ್ಕಳದಲ್ಲಿ ಹಿಡಿದು ಹಿಂಡಿದಂತಾಯಿತು. ಸರಳು ಠಣ್ಣೆಂದು ಬಿತ್ತು. ಅದರ ಹಿಂದೆಯೇ ಅವನೂ ಬಿದ್ದ. ಅವಳು ಮಾತ್ರ ಕೂತೇ ಇದ್ದಳು.

“ಇಷ್ಟು ದಿನ... ಚಹಾದಲ್ಲಿ... ಏನೇ ಹಾಕ್ತಿದ್ದೆ?”

“ನಿಮ್ಮ ಹೃದಯಕ್ಕೆ ಡಾಕ್ಟರು ಕೊಟ್ಟ ಮಾತ್ರೆ. ಅಂಗಡಿಯವನು ಪುಡಿ ಮಾಡಿ ಕೊಡ್ತಿದ್ದ. ಹೇಳಿ ಕೊಟ್ಟಿದ್ರೆ ನುಂಗ್ತಿದ್ರಾ?” ಅವಳ ದನಿ ಏರಲಿಲ್ಲ. “ಈ ತಲೆನೋವಿನ ಮಾತ್ರೆ ತಲೆಯ ರಕ್ತನಾಳ ಬಿಗಿ ಮಾಡೋ ಹಾಗೆ ಹೃದಯದ್ದನ್ನೂ ಬಿಗಿ ಮಾಡುತ್ತಂತೆ. ನಿಮ್ಮದು ಮೊದಲೇ ಕಟ್ಟಿಕೊಂಡಿದೆ. ಒಂದು ನುಂಗಿದ್ರೂ ಜೀವಕ್ಕೆ ಅಪಾಯ ಅಂದಿದ್ರು. ಅದಕ್ಕೇ ವರ್ಷವಿಡೀ ಏಟು ತಿಂದು ಬಚ್ಚಿಟ್ಟೆ.”

ಅವನ ಕಣ್ಣು ಕಷ್ಟಪಟ್ಟು ಕನ್ನಡಿಯತ್ತ ತಿರುಗಿತು. ಬಾಚಣಿಗೆಯ ಪಕ್ಕ ಖಾಲಿಯಾಗಿತ್ತು.

“ಮಗಳಿಗೆ ಆ ಕಿವಿ ಇನ್ನು ಕೇಳಿಸೋದಿಲ್ವಂತೆ,” ಎಂದಳು ಅವಳು. “ಇವತ್ತು ಬಚ್ಚಿಡಲಿಲ್ಲ.”