ನಕ್ಷತ್ರವಿಲ್ಲದ ಹೆಸರು

"ಎ. ಪಿ. ಟ್ರೆಂಬಾತ್" ಎಂದು ಗಟ್ಟಿಯಾಗಿ ಓದಿದ ಕೆರಿನ್ ಅಲ್ಲಿಗೇ ನಿಲ್ಲಿಸಿಬಿಟ್ಟಳು.

"ಯಾಕೆ ನಿಂತೆ? ಮುಂದೆ ಓದು, ಹೊಟ್ಟೆ ಹಸೀತಿದೆ" ಎಂದ ಗಂಡ ವಿಟೋ, ಹೆಲ್ಮೆಟ್ಟನ್ನು ಕಂಕುಳಲ್ಲಿ ಅವುಚಿಕೊಂಡು.

"ಇದು ನಮ್ಮ ತಾತನ ಹೆಸರು ಕಣೋ!"

ಯುದ್ಧಕ್ಕೆ ಹೋದ ಸೈನಿಕರನ್ನು ನೆನೆಯುವ ಆನ್ಜಾಕ್ ದಿನದ ಹಿಂದಿನ ದಿನ ಅವರ ಮೋಟಾರ್‌ಸೈಕಲ್ ಬಳಗದವರು ಜೋಡಿ ಜೋಡಿಯಾಗಿ ಗೋಧಿ ಸೀಮೆಯ ಊರೂರು ಸುತ್ತುತ್ತಾರೆ. ಯುದ್ಧ ಸ್ಮಾರಕದ ಮುಂದೆ ಬೈಕು ನಿಲ್ಲಿಸಿ, ಕಲ್ಲಿನಲ್ಲಿರುವ ಹೆಸರುಗಳನ್ನು ಒಂದೂ ಬಿಡದೆ ಓದಿ, ಫೋಟೋ ತೆಗೆದುಕೊಂಡು ಮುಂದಿನ ಊರಿಗೆ ಹೊರಡುತ್ತಾರೆ. ಕೇಳಲು ಒಂದು ನರಪಿಳ್ಳೆ ಇಲ್ಲದಿದ್ದರೂ ಓದಲೇಬೇಕು. ಯುದ್ಧದಲ್ಲಿ ಸತ್ತವರ ಹೆಸರಿನ ಪಕ್ಕ ಒಂದು ನಕ್ಷತ್ರವಿರುತ್ತದೆ. ಬದುಕಿ ಬಂದವರದು ಬರೀ ಹೆಸರು. ಕೆರಿನ್‌ಳ ಸ್ವಂತ ಊರು ವಾರಲ್‌ನಲ್ಲಿ ತಾತನಿಗೆ ನಕ್ಷತ್ರವಿದೆ. ಬೆಳಿಗ್ಗೆ ಅದನ್ನು ಓದಿಯೇ ಹೊರಟಿದ್ದಳು. ಅವಳ ತಾಯಿ ಊನಾ ಆ ಕಲ್ಲಿಗೆ ಹುಡುಗಿಯಾಗಿದ್ದಾಗಿನಿಂದ ಪ್ರತಿ ವರ್ಷ ಹೂವಿಡುತ್ತ ಬಂದವಳು. ವೀರನ ಮಗಳು, ಅಪ್ಪನ ಮುಖವನ್ನೇ ನೋಡದವಳು ಎಂದು ಊರಿನವರು ಅವಳಿಗೆ ಮುಂದಿನ ಸಾಲಿನಲ್ಲೇ ಕುರ್ಚಿ ಹಾಕುತ್ತಿದ್ದರು. ಈಗ ಅರ್ಧ ದಿನದ ಹಾದಿ ದಾಟಿದ ಮೇಲೆ, ಟಿಂಟಾಲಾ ಎಂಬ ಈ ಗೊತ್ತಿಲ್ಲದ ಊರಿನ ಕಲ್ಲಿನಲ್ಲಿ ಅದೇ ಹೆಸರಿದೆ, ನಕ್ಷತ್ರವಿಲ್ಲ.

"ಬೇರೆ ಯಾರೋ ಇರ್ಬೇಕು ಬಿಡೇ. ನಮ್ಮಜ್ಜಿ ಬೀದೀಲಿ ನಾಲ್ಕು ಜನ ವಿಟೋ ಇದ್ವಿ."

"ಟ್ರೆಂಬಾತ್ ಅನ್ನೋ ಹೆಸರೇನು ಬೀದೀಲಿ ಬಿದ್ದಿರುತ್ತಾ? ಅದೂ ಎ. ಪಿ.?"

"ಹಂಗಾದ್ರೆ ಕಲ್ಲು ಕೆತ್ತೋನು ಊಟದ ಅವಸರದಲ್ಲಿ ನಕ್ಷತ್ರ ಮರ್ತಿದಾನೆ. ಅವನ ಕಷ್ಟ ನನಗೆ ಅರ್ಥವಾಗುತ್ತೆ."

ಎದುರಿಗೇ, ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೌಲ್ಸ್ ಆಟದ ಕ್ಲಬ್ ಇತ್ತು. ಕಡುಬಿನಂಥ ಬಿಸಿ ಮಾಂಸದ ಪೈ ತಿನ್ನುತ್ತ ಕೆರಿನ್ ಗೋಡೆಯತ್ತ ನೋಡಿದಳು, ಮತ್ತೆ ತಿನ್ನಲಾಗಲಿಲ್ಲ. ಅಲ್ಲಿ ಹಳೆಯ ಅಧ್ಯಕ್ಷರ ಫೋಟೋಗಳ ಸಾಲು. ಅದರಲ್ಲೊಬ್ಬ, ಬಿಳಿ ಟೋಪಿ ಹಾಕಿಕೊಂಡು, ಅವಳ ತಾಯಿಯದೇ ಸೀಳು ಗದ್ದ ಎತ್ತಿಕೊಂಡು ನಗುತ್ತಿದ್ದ. ಕೆಳಗೆ ಆಂಬ್ರೋಸ್ ಪೆನ್‌ರೋಸ್ ಟ್ರೆಂಬಾತ್ ಎಂದು ಪೂರ್ತಿ ಹೆಸರಿತ್ತು. ಇಸವಿ ನೋಡಿದರೆ ಯುದ್ಧ ಮುಗಿದು ಎಷ್ಟೋ ವರ್ಷದ ಮೇಲಿನದು.

"ಆಂಬ್ರೋಸ್, ನಮ್ಮ ಆಂಬಿನಾ?" ಎಂದ ಕ್ಲಬ್ಬಿನ ಮುದುಕ, ಗ್ಲಾಸು ಒರೆಸುತ್ತ. "ಬಹಳ ಒಳ್ಳೆ ಮನುಷ್ಯ ಕಣಮ್ಮ. ಯುದ್ಧ ಮುಗಿಸ್ಕೊಂಡು ಬಂದು ಇಲ್ಲೇ ಮದ್ವೆ ಆದ, ಇಲ್ಲೇ ಮಕ್ಕಳು ಮಾಡ್ದ, ಇಲ್ಲೇ ಸತ್ತ. ಯಾಕೆ, ನಿಮ್ಮ ಕಡೆಯೋನಾ?"

ಕೆರಿನ್ ನೀರು ಕೊಡಿ ಎಂದಳು.

ಮುಂದಿನ ಊರುಗಳಲ್ಲಿ ಅವಳು ಓದಿದ ಹೆಸರೊಂದೂ ಅವಳ ತಲೆಯಲ್ಲಿ ನಿಲ್ಲಲಿಲ್ಲ. ಒಂದು ಕಡೆ ತಿರುವು ತಪ್ಪಿ, ಬಿಟ್ಟುಬಂದ ಸ್ಮಾರಕಕ್ಕೇ ಮತ್ತೆ ಬಂದು ನಿಂತಳು. ಹಿಂದೆಯೇ ಬಂದ ವಿಟೋ, "ಇವರಿಗೆ ಎರಡನೇ ಸಲ ಓದ್ಬೇಕಾ? ಪಾಪ, ಬೇಜಾರು ಮಾಡ್ಕೋತಾರೆ" ಎಂದ. ಅವಳು ನಗಲಿಲ್ಲ. ಸತ್ತವನು ಅಧ್ಯಕ್ಷನಾದದ್ದು ಹೇಗೆ? ಅಜ್ಜಿ ಮೋಸ ಹೋದಳೋ, ಮೋಸ ಮಾಡಿದಳೋ? ಎಲ್ಲಕ್ಕಿಂತ ಹೆಚ್ಚಾಗಿ, ನಾಳೆ ಬೆಳಗಿನ ಜಾವ ಅದೇ ಕಲ್ಲಿಗೆ ಹೂವಿಡಲಿರುವ ಅಮ್ಮನಿಗೆ ಇದನ್ನು ಹೇಳುವುದೇ? ಈ ವಯಸ್ಸಿನಲ್ಲಿ ಅವಳಿಂದ ಅಪ್ಪನನ್ನು ಕಿತ್ತುಕೊಂಡು ಯಾವ ಪುಣ್ಯ ಬರಬೇಕು? ಹೇಳದಿದ್ದರೆ, ನಾಳೆ ಅವಳ ಪಕ್ಕದಲ್ಲಿ ಯಾವ ಮುಖ ಹೊತ್ತು ನಿಲ್ಲುವುದು?

"ಆ ಟಿಂಟಾಲಾ ಕಲ್ಲಿನ ಫೋಟೋ ಅಳಿಸ್ಬಿಡು" ಎಂದ ವಿಟೋ, ಈ ಸಲ ತಮಾಷೆಯಿಲ್ಲದೆ.

ಅಳಿಸಲು ಕೈ ಬರಲಿಲ್ಲ. ಸಂಜೆ ಊನಾ ಜಗಲಿಯಲ್ಲಿ ಟೀ ಇಟ್ಟುಕೊಂಡು ಕಾದಿದ್ದಳು. ವರ್ಷವೂ ಎಲ್ಲ ಊರಿನ ಫೋಟೋ ನೋಡಿದ ಮೇಲೆಯೇ ಅವಳು ಮಗಳನ್ನು ಬಿಡುವುದು. ಟಿಂಟಾಲಾ ಬಂದಾಗ ಕೆರಿನ್‌ಳ ಬೆರಳು ಸರಕ್ಕನೆ ಅದನ್ನು ದಾಟಿಸಿತು.

"ಹಿಂದಕ್ಕೆ ಹೋಗು" ಎಂದಳು ಊನಾ. ಕನ್ನಡಕ ಸರಿಮಾಡಿಕೊಂಡು ನೋಡಿದಳು. "ಟಿಂಟಾಲಾ. ಕ್ಲಬ್ ಒಳಗೆ ಹೋಗಿದ್ರಾ?"

ಕೆರಿನ್ ಗಂಡನ ಮುಖ ನೋಡಿದಳು. ಅವನು ಟೀ ಕಪ್ಪಿನೊಳಗೆ ನೋಡುತ್ತಿದ್ದ.

"ಅಮ್ಮ... ನಿನಗೆ ಗೊತ್ತಿತ್ತಾ?"

"ಹುಡುಗಿಯಾಗಿದ್ದಾಗ ಅಲ್ಲಿ ಬೌಲ್ಸ್ ಆಡೋಕೆ ಹೋಗಿದ್ದೆ. ಗೆದ್ವಿ. ಕಪ್ ಕೊಡೋಕೆ ಅಧ್ಯಕ್ಷರು ಬರ್ತಾರೆ ಅಂತ ಹೆಸರು ಕೂಗಿದ್ರು, ಕೇಳಿದ್ರೆ ನನ್ನಪ್ಪನ ಹೆಸರು. ಕೈ ಕುಲುಕಿ, ಯಾವೂರಮ್ಮ ಅಂದ. ವಾರಲ್, ಊನಾ ಟ್ರೆಂಬಾತ್ ಅಂದೆ. ಕೈ ಬಿಟ್ಬಿಟ್ಟ."

ಊನಾ ಕನ್ನಡಕ ತೆಗೆದು ಮಡಚಿಟ್ಟಳು.

"ಮನೆಗೆ ಬಂದು ಅಮ್ಮನ್ನ ಕೇಳ್ದೆ. ಯುದ್ಧ ಮುಗಿದ್ರೂ ಆಯಪ್ಪ ಮನೆಗೆ ಬರ್ಲಿಲ್ಲ. ಗಂಡ ಬಿಟ್ಟೋಳು ಅಂದ್ರೆ ಆಗ ಮನೆ ಯಾರು ಕೊಡ್ತಿದ್ರು, ಕೆಲ್ಸ ಯಾರು ಕೊಡ್ತಿದ್ರು? ಕೂಸು ಎತ್ಕೊಂಡು ಈ ಊರಿಗೆ ಬಂದು, ಗಂಡ ಯುದ್ಧದಲ್ಲಿ ಸತ್ತ ಅಂದ್ಲಂತೆ. ಊರೋರೇ ಕನಿಕರದಿಂದ ಕಲ್ಲಲ್ಲಿ ಹೆಸರು ಹಾಕ್ಸಿದ್ರು, ನಕ್ಷತ್ರಾನೂ ಕೆತ್ಸಿದ್ರು."

ಕೆರಿನ್‌ಗೆ ಕೋಪ ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. "ಎಲ್ಲಾ ಗೊತ್ತಿದ್ದೂ ಇಷ್ಟು ವರ್ಷ ಅವನಿಗೆ ಹೂವಿಟ್ಯಲ್ಲಮ್ಮ!"

"ಅವನಿಗ್ಯಾರು ಇಟ್ರು?" ಎಂದಳು ಊನಾ. "ನನ್ನಮ್ಮನ ಗೋರಿಗೆ ಹೋದ್ರೆ ಅಲ್ಲಿ ನಾನೊಬ್ಳೇ. ಆ ಕಲ್ಲಿನ ಮುಂದೆ ಅವಳಿಗೆ ಹೂವಿಟ್ರೆ, ಇಡೀ ಊರು ಟೋಪಿ ತೆಗ್ದು ನಿಲ್ಲುತ್ತೆ."