ಹೊತ್ತು ಮುಳುಗುವ ಮುಂಚಿನ ಬುತ್ತಿ

"ಬೇಗ ತಿನ್ನೋ ಅಜಿತ, ಹೊತ್ತು ಮುಳುಗ್ತೈತೆ," ಎಂದು ಸೋದರಮಾವ ಪದ್ಮಣ್ಣ ಬುತ್ತಿ ಬಿಚ್ಚಿದ. ಅಜಿತನಿದ್ದ ಹಳೇಬೀಡಿನ ಕಿರಿಯರ ಕಬಡ್ಡಿ ತಂಡ ಎಲ್ಲಿ ಆಡಿದರೂ ಅವನು ಹಿಂದೆಯೇ ಹೋಗುತ್ತಿದ್ದ. ಜೈನರು ಕತ್ತಲಾದ ಮೇಲೆ ಉಣ್ಣುವುದಿಲ್ಲ. ಹುಡುಗ ಉಪವಾಸ ಮಲಗಬಾರದೆಂದು ಇಬ್ಬರಿಗೂ ರೊಟ್ಟಿ ಕಟ್ಟಿಸಿಕೊಂಡು ಬರುತ್ತಿದ್ದ. ಇಂದು ಅರಸೀಕೆರೆಯಲ್ಲಿ ಅಜಿತ ಮೊದಲ ಸಲ ಹಿರಿಯರ ತಂಡದ ಬೆಂಚಿನ ಮೇಲೆ ಕೂತಿದ್ದ.

ಮಾತು ಮೀರದೆ ಅವನು ತಿಂದ. ಕೊನೆಯ ತುತ್ತು ಬಾಯಲ್ಲಿರುವಾಗಲೇ ಅಂಕಣದಲ್ಲಿ ಅವರ ತಂಡದ ಒಬ್ಬನ ಕಾಲು ಉಳುಕಿತು. ಕೋಚ್ ಮೇಷ್ಟರು ಬೆಂಚಿನತ್ತ ತಿರುಗಿದರು. "ಹೊಟ್ಟೆ ತುಂಬಾ ತಿಂದು ರೈಡ್ ಹೋಗಕ್ಕಾಗುತ್ತೇನೋ?" ಎಂದವರೇ ಪಕ್ಕದವನನ್ನು ಆಟಕ್ಕಿಳಿಸಿದರು.

ಅಜಿತ ತಲೆ ಎತ್ತಲಿಲ್ಲ. "ನೀವೂ ತಿನ್ನಿ ಮಾವ, ಇನ್ನೂ ಬೆಳಕೈತೆ," ಎಂದ.

ಪದ್ಮಣ್ಣ ತನ್ನ ಪಾಲಿನ ರೊಟ್ಟಿಯನ್ನು ಮತ್ತೆ ಗಂಟು ಕಟ್ಟಿ, ಸೂರ್ಯ ಮುಳುಗುವವರೆಗೂ ತೊಡೆಯ ಮೇಲಿಟ್ಟುಕೊಂಡು ಕೂತ.